ಪೌನಮು: ನದಿಯ ಹಸಿರು ಕಲ್ಲು ಯಾರದು?

ನ್ಯೂಜಿಲೆಂಡಿಗೆ ಹೋಗಿಬಂದವರ ಕೊರಳಲ್ಲಿ ಹಸಿರು ಕಲ್ಲಿನ ಪದಕ ಕಂಡಿರಬಹುದು. ಗಾಳದ ಕೊಕ್ಕೆಯ ಆಕಾರ, ಇಲ್ಲವೇ ತಲೆ ವಾಲಿಸಿ ಕೂತ ಪುಟ್ಟ ಮನುಷ್ಯನ ಆಕಾರ. ಆ ಕಲ್ಲನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳು ಪೌನಮು ಎನ್ನುತ್ತಾರೆ. ನೋಡಲು ಸಣ್ಣ ವಸ್ತು. ಆದರೆ ಅದು ಯಾರಿಗೆ ಸೇರಿದ್ದು ಎಂಬ ತಕರಾರು ಬಗೆಹರಿಯಲು 137 ವರ್ಷ ಹಿಡಿಯಿತು.

ಈ ಕಲ್ಲು ಸಿಗುವುದು ದಕ್ಷಿಣ ದ್ವೀಪದಲ್ಲಿ ಮಾತ್ರ. ಅದರಲ್ಲೂ ಪಶ್ಚಿಮ ಕರಾವಳಿಯ ಅರಾಹುರಾ, ತಾರಮಕೌ ನದಿಗಳು ಹೆಸರುವಾಸಿ. ಅಲ್ಲೊಂದು ಕಥೆ ಇದೆ. ಪೌತಿನಿ ಎಂಬ ನೀರಿನ ಜೀವಿ ವೈತೈಕಿ ಎಂಬ ಹೆಂಗಸನ್ನು ಹೊತ್ತೊಯ್ಯುತ್ತದೆ. ಗಂಡ ಬೆನ್ನಟ್ಟುತ್ತಾನೆ. ಸಿಕ್ಕಿಬೀಳುವ ಭಯಕ್ಕೆ ಪೌತಿನಿ ಅವಳನ್ನು ಅರಾಹುರಾ ನದಿಯ ತಳದಲ್ಲಿ ಹಸಿರು ಕಲ್ಲಾಗಿಸುತ್ತದೆ. ಓಡುವ ದಾರಿಯಲ್ಲಿ ಅದು ನಿಂತ ಜಾಗಗಳಲ್ಲಿ ಹಲವು ಕಡೆ ಆಯುಧಕ್ಕೆ ಒದಗುವ ಒಂದಲ್ಲ ಒಂದು ಕಲ್ಲು ಸಿಗುತ್ತದೆ! ಕಥೆ ಬಾಯಿಪಾಠವಾದರೆ ಕಲ್ಲಿನ ನಕ್ಷೆಯೂ ಬಾಯಿಪಾಠವಾದಂತೆ, ಅಲ್ವಾ?

ಪೌನಮು ಬಹುಪಾಲು ನೆಫ್ರೈಟ್ ಎಂಬ ಜೇಡ್ ಜಾತಿಯ ಕಲ್ಲು. ಅದರ ಸೂಕ್ಷ್ಮ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದಿರುತ್ತವೆ. ಹಾಗಾಗಿ ಹೊಡೆದರೆ ಸುಲಭಕ್ಕೆ ಒಡೆಯದು. ಕಬ್ಬಿಣ ಕಾಣದ ಕಾಲದಲ್ಲಿ ಮಾವೋರಿಗಳು ಇದನ್ನು ಮರಳುಗಲ್ಲಿನಿಂದ, ನೀರು ಹಾಕಿ, ಮರಳು ಉದುರಿಸಿ ಉಜ್ಜಿ ಉಜ್ಜಿ ಕೊಯ್ಯುತ್ತಿದ್ದರು. ಒಂದು 'ಮೆರೆ', ಅಂದರೆ ಕೈಯಳತೆಯ ಚಪ್ಪಟೆ ಗದೆ, ಆಗಬೇಕಾದರೆ ತಿಂಗಳುಗಟ್ಟಲೆ ಬೇಕಿತ್ತು. ಅಷ್ಟು ದುಡಿಮೆ ಬಿದ್ದ ವಸ್ತುವಿಗೆ ಸ್ವಂತ ಹೆಸರಿರುತ್ತಿತ್ತು. ಅಜ್ಜನಿಂದ ಮೊಮ್ಮಗನಿಗೆ ಹೋಗುತ್ತಿತ್ತು. ಜಗಳ ಮುಗಿದು ರಾಜಿಯಾದಾಗ ಎದುರು ಪಂಗಡಕ್ಕೆ ಕೊಡುತ್ತಿದ್ದದ್ದೂ ಇಂಥವನ್ನೇ. ಯಾರು ಯಾರು ಧರಿಸಿದ್ದರು ಎಂಬ ವಂಶಾವಳಿ ಕಲ್ಲಿನ ಜೊತೆಗೇ ಸಾಗುತ್ತಿತ್ತು. ಅದು ಮರೆತುಹೋದರೆ ಉಳಿಯುವುದು ಬರೀ ಚೆಂದದ ಕಲ್ಲು.

ಬಿಳಿಯರ ಜೊತೆ ಕಬ್ಬಿಣ ಬಂತು. ಕಲ್ಲಿನ ಬಾಚಿಗೆ ಕೆಲಸ ಇಲ್ಲದಾಯಿತು. ಎಷ್ಟೋ ಬಾಚಿಗಳು ಮರುಕೆತ್ತನೆಯಾಗಿ 'ಹೇ ಟಿಕಿ' ಪದಕಗಳಾದವು, ಅದೇ ತಲೆ ವಾಲಿಸಿದ ಮನುಷ್ಯ.

ದೊಡ್ಡ ಪೆಟ್ಟು ಬಿದ್ದದ್ದು 1860ರಲ್ಲಿ. ಬ್ರಿಟಿಷ್ ಆಡಳಿತ ಪಶ್ಚಿಮ ಕರಾವಳಿಯ ಸುಮಾರು 75 ಲಕ್ಷ ಎಕರೆಯನ್ನು ನೈ ತಾಹು ಎಂಬ ಮಾವೋರಿ ಪಂಗಡದಿಂದ ಬರೀ 300 ಪೌಂಡಿಗೆ ಕೊಂಡಿತು. ಇದನ್ನು ವ್ಯಾಪಾರ ಎನ್ನಲು ನನಗೆ ಬಾಯಿ ಬಾರದು. ಅರಾಹುರಾ ನದಿ ಮಾತ್ರ ತಮ್ಮಲ್ಲೇ ಉಳಿಯಬೇಕೆಂದು ಅಲ್ಲಿನ ಮುಖಂಡರು ಪಟ್ಟು ಹಿಡಿದಿದ್ದರು. ಆದರೂ ಕಲ್ಲಿನ ಹಿಡಿತ ಕೈತಪ್ಪಿತು. ಕೆಲವೇ ವರ್ಷಗಳಲ್ಲಿ ಚಿನ್ನದ ಬೇಟೆಗಾರರು ನುಗ್ಗಿದರು. ಮುಂದೆ ಟನ್‌ಗಟ್ಟಲೆ ಕಲ್ಲು ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಪಟ್ಟಣಕ್ಕೆ ಹಡಗೇರಿತು. ಅಲ್ಲಿನ ಯಂತ್ರದಲ್ಲಿ ಕೊರೆದ ಟಿಕಿಗಳು ಮರಳಿ ನ್ಯೂಜಿಲೆಂಡಿನ ಅಂಗಡಿಗೇ ಬಂದವು! ಕಚ್ಚಾ ಕಲ್ಲಿನ ರಫ್ತಿಗೆ ತಡೆ ಬಿದ್ದದ್ದು 1947ರಲ್ಲಿ.

1976ರಲ್ಲಿ ಅರಾಹುರಾ ನದಿಯ ತಳ ಮಾವೋರಿ ಒಡೆತನಕ್ಕೆ ಮರಳಿತು. 1997ರ ಕಾನೂನು ನೈ ತಾಹು ಸೀಮೆಯೊಳಗಿನ ನೈಸರ್ಗಿಕ ಪೌನಮುವನ್ನು ಪಂಗಡಕ್ಕೇ ಒಪ್ಪಿಸಿತು. ಹಾಗಂತ ಕಳ್ಳತನ ನಿಲ್ಲಲಿಲ್ಲ. ಹೆಲಿಕಾಪ್ಟರಿನಲ್ಲಿ ಬಂಡೆ ಎತ್ತಿಕೊಂಡು ಹೋದವರೂ ಇದ್ದಾರೆ. ಕರಾವಳಿಯ ಸಮುದ್ರದಂಡೆಗಳಲ್ಲಿ ಮಾತ್ರ ಜನಸಾಮಾನ್ಯರು ತಾವೇ ಹೊರಬಲ್ಲಷ್ಟು ಕಲ್ಲು ಹೆಕ್ಕಬಹುದು.

ಪೌನಮು ಉಡುಗೊರೆಯಾಗಿಯೇ ಬರಬೇಕು, ತಮಗೆ ತಾವೇ ಕೊಳ್ಳಬಾರದು ಎಂದು ಪ್ರವಾಸಿಗರಿಗೆ ಹೇಳುವುದು ಜಾಸ್ತಿ. ಇದನ್ನು ಒಪ್ಪದ ಮಾವೋರಿಗಳೂ ಇದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಕಲ್ಲು ಎಲ್ಲಿಯದು ಎಂಬ ಪ್ರಶ್ನೆ. ಕೆನಡಾ, ಸೈಬೀರಿಯಾ, ಚೀನಾದ ಜೇಡ್ ಕೂಡ ಮಾವೋರಿ ಆಕಾರದಲ್ಲಿ ಅಂಗಡಿಗಳಲ್ಲಿ ತೂಗುತ್ತಿರುತ್ತದೆ. ನೈ ತಾಹು ದೃಢೀಕರಿಸಿದ ಕೆತ್ತನೆಗೆ ಒಂದು ಸಂಕೇತ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಕಲ್ಲಿನ ಮೂಲವನ್ನೂ ಕೆತ್ತಿದವರನ್ನೂ ತಿಳಿಯಬಹುದು.