ಸತ್ತವರ ಕಣ್ಣಲ್ಲಿ ಫೋಟೋ ಉಳಿಯುತ್ತಾ?

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೊಟ್ಟಿಗೆಗೆ ಒಂದು ಹಾವು ಬಂದಿತ್ತು. ಪಕ್ಕದ ಮನೆಯವರು ಬಂದು ಹೊಡೆದರು. ಅದು ಸತ್ತು ಮಲಗಿದ ಮೇಲೂ ಅಜ್ಜಿ ಬಿಡಲಿಲ್ಲ. "ತಲೆ ಜಜ್ರೋ, ಕಣ್ಣಲ್ಲಿ ನಿಮ್ಮ ಚಿತ್ರ ಉಳ್ಕೊಂಡಿರುತ್ತೆ. ಅದರ ಜೋಡಿ ಬಂದು ನೋಡಿದ್ರೆ ಹನ್ನೆರಡು ವರ್ಷ ದ್ವೇಷ ಸಾಧಿಸುತ್ತೆ" ಅಂದರು. ಕಲ್ಲು ಹುಡುಕಿ ತಂದುಕೊಟ್ಟವನು ನಾನೇ.

ಇದನ್ನು ಹಳ್ಳಿಯ ಮೂಢನಂಬಿಕೆ ಎಂದು ನಗುವವರಿಗೆ ಒಂದು ವಿಷಯ ಹೇಳಬೇಕು. 1888ರ ಸೆಪ್ಟೆಂಬರ್‌ನಲ್ಲಿ, ಲಂಡನ್ನಿನಲ್ಲಿ, ಆನಿ ಚಾಪ್‌ಮನ್ ಎಂಬಾಕೆಯ ಕೊಲೆಯ ವಿಚಾರಣೆ ನಡೆಯುತ್ತಿತ್ತು. ಜ್ಯೂರಿಗಳ ಮುಖಂಡ ಎದ್ದು ವೈದ್ಯರನ್ನು ಕೇಳಿದ್ದು ಅಜ್ಜಿಯ ಪ್ರಶ್ನೆಯನ್ನೇ: ಕೊಲೆಗಾರನ ಚಿತ್ರ ಉಳಿದಿರಬಹುದು, ಸತ್ತವಳ ಕಣ್ಣಿನ ಫೋಟೋ ತೆಗೆಸಿದ್ದೀರಾ? ಡಾಕ್ಟರ್ ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್ ಅದರಿಂದ ಏನೂ ಪ್ರಯೋಜನವಿಲ್ಲ ಎಂದರು.

ಈ ಕೇಸ್ ಯಾವುದು ಅಂತ ಗೊತ್ತಾಗಿರಬೇಕು. ಜ್ಯಾಕ್ ದ ರಿಪ್ಪರ್, ಕೊನೆಗೂ ಸಿಗದ ಕೊಲೆಗಾರ. ಲಂಡನ್ನಿನ ವೈಟ್‌ಚಾಪೆಲ್ ಸುತ್ತಮುತ್ತ ಎರಡೂವರೆ ತಿಂಗಳಲ್ಲಿ ಐವರು ಹೆಂಗಸರ ಕೊಲೆ. ಐದೂ ಒಬ್ಬನದೇ ಕೆಲಸವೇ ಎಂಬುದರಲ್ಲಿ ಈಗಲೂ ಒಮ್ಮತವಿಲ್ಲ. ಆ ಹೆಸರು ಕೂಡ ಕೊಲೆಗಾರನದಲ್ಲ. ಒಂದು ಸುದ್ದಿಸಂಸ್ಥೆಗೆ ಕೆಂಪು ಶಾಯಿಯಲ್ಲಿ ಬಂದ ಪತ್ರದ ಕೆಳಗೆ ಇದ್ದ ಸಹಿ ಅದು. ಯಾರೋ ಪತ್ರಕರ್ತನೇ ಬರೆದದ್ದು ಎಂದು ಆಮೇಲೆ ಪೊಲೀಸ್ ಅಧಿಕಾರಿಗಳೇ ಹೇಳಿದರು. ರಾಣಿ ವಿಕ್ಟೋರಿಯಾಳ ಮೊಮ್ಮಗನೇ ಕೊಂದ ಎಂಬ ಕಥೆಯಂತೂ ಬಿಡಿ. ಒಂದೇ ರಾತ್ರಿ ಎರಡು ಕೊಲೆ ನಡೆದ ಸೆಪ್ಟೆಂಬರ್ 30ರಂದು ಅವನು ದೂರದ ಸ್ಕಾಟ್‌ಲೆಂಡಿನಲ್ಲಿದ್ದ. ಇಂಥವನ್ನು ಎಷ್ಟು ಸಲ ಸುಳ್ಳೆಂದು ತೋರಿಸಿದರೂ ಮತ್ತೆ ಎದ್ದು ಬರುತ್ತವೆ. ನನಗೆ ಆಸಕ್ತಿ ಇರುವುದು ಆ ಕಣ್ಣಿನ ಪ್ರಶ್ನೆಯಲ್ಲಿ. ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ.

1876ರಲ್ಲಿ ಫ್ರಾಂಜ್ ಬೋಲ್ ಎಂಬ ಜರ್ಮನ್ ವಿಜ್ಞಾನಿ ಕಪ್ಪೆಯ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಒಳಪರದೆಯಲ್ಲಿ, ಒಂದು ಕೆನ್ನೇರಳೆ ಬಣ್ಣ ಕಂಡ. ಬೆಳಕು ಬಿದ್ದರೆ ಅದು ಮಾಸಿಹೋಗುತ್ತಿತ್ತು. ಈಗ ಅದನ್ನು ರೊಡಾಪ್ಸಿನ್ ಅನ್ನುತ್ತೇವೆ. ಹೈಡೆಲ್‌ಬರ್ಗ್‌ನ ವಿಲ್ಹೆಲ್ಮ್ ಕ್ಯೂನೆ ಇನ್ನೂ ಮುಂದೆ ಹೋದ. ಒಂದು ಮೊಲವನ್ನು ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟ. ಆಮೇಲೆ ಅದರ ತಲೆ ಅಲುಗದಂತೆ ಕಟ್ಟಿ, ಅಡ್ಡಪಟ್ಟಿಗಳಿದ್ದ ಬೆಳಕಿನ ಕಿಟಕಿಯ ಎದುರು ಮೂರು ನಿಮಿಷ ಹಿಡಿದ. ತಕ್ಷಣ ಕೊಂದು, ಕಣ್ಣು ತೆಗೆದು, ಅಕ್ಷಿಪಟಲವನ್ನು ಪಟಿಕದ ನೀರಿನಲ್ಲಿ ಹಾಕಿಟ್ಟ. ಮಾರನೇ ದಿನ ಅದರ ಮೇಲೆ ಕಿಟಕಿ ಇತ್ತು! ಪಟ್ಟಿಗಳೂ ಲೆಕ್ಕಕ್ಕೆ ಸಿಗುವಂತೆ.

ಹೇಗೆ? ರೊಡಾಪ್ಸಿನ್ ಅಂದರೆ ಒಂದು ಪ್ರೋಟೀನು. ಅದರ ಹೊಟ್ಟೆಯೊಳಗೆ ಎ ವಿಟಮಿನ್‌ನಿಂದಾದ ಒಂದು ಸಣ್ಣ ಅಣು ಬಾಗಿ ಕೂತಿರುತ್ತದೆ, ಇಲಿಬೋನಿನಲ್ಲಿ ಎಳೆದು ಸಿಕ್ಕಿಸಿದ ಸ್ಪ್ರಿಂಗ್ ಹಾಗೆ. ಬೆಳಕಿನ ಒಂದೇ ಒಂದು ಕಣ ತಾಗಿದರೆ ಸಾಕು, ಟಪ್ ಎಂದು ನೆಟ್ಟಗಾಗುತ್ತದೆ. ಮಿದುಳಿಗೆ ಸುದ್ದಿ ಹೋಗುತ್ತದೆ, ಬಣ್ಣ ಹೋಗುತ್ತದೆ. ಒಮ್ಮೆ ಸಿಡಿದ ಬೋನನ್ನು ಯಾರಾದರೂ ಮತ್ತೆ ಎಳೆದು ಸಿಕ್ಕಿಸಬೇಕಲ್ವಾ? ಅದಕ್ಕೆ ಹೊತ್ತು ಬೇಕು. ಮ್ಯಾಟಿನಿ ಶೋಗೆ ತಡವಾಗಿ ಹೋಗಿ, ಯಾರದೋ ಕಾಲು ತುಳಿದು ಬೈಸಿಕೊಂಡು, ಹತ್ತು ನಿಮಿಷದ ಮೇಲೆ ಅಕ್ಕಪಕ್ಕದವರ ಮುಖ ಕಾಣುತ್ತದಲ್ಲ, ಅಷ್ಟರಲ್ಲಿ ನಿಮ್ಮ ಕಣ್ಣಿನ ಬೋನುಗಳು ಒಂದೊಂದಾಗಿ ಮತ್ತೆ ಸಜ್ಜಾಗಿರುತ್ತವೆ. ಪೂರ್ತಿ ಆಗಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಎ ವಿಟಮಿನ್ ಸಾಲದಿದ್ದರೆ ಸಜ್ಜಾಗುವುದೇ ಇಲ್ಲ. ಅದೇ ಇರುಳುಗುರುಡು.

ಅಂದರೆ ಕಣ್ಣು ಬರೆದು ಅಳಿಸುತ್ತಲೇ ಇರುವ ಸ್ಲೇಟು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬಿಸಿಲಲ್ಲಿ ಒಣಹಾಕಿದ ಬಣ್ಣದ ಬಟ್ಟೆ. ಮೇಲೊಂದು ಜರಡಿ ಇಟ್ಟು ಮರೆತರೆ, ನೆರಳಿದ್ದ ಕಡೆ ಬಣ್ಣ ಉಳಿದು ಜರಡಿಯ ಗುರುತು ಮೂಡುತ್ತದೆ. ಆದರೆ ಬಿಸಿಲು ಬಲವಾಗಿರಬೇಕು. ಜರಡಿ ಅಲುಗಬಾರದು. ಆಮೇಲೆ ಬಟ್ಟೆಯನ್ನು ಕೂಡಲೇ ಒಳಗೆ ಒಯ್ಯಬೇಕು.

ಈಗ ವೈಟ್‌ಚಾಪೆಲ್‌ಗೆ ಬನ್ನಿ. ಆ ಐವರಲ್ಲಿ ಒಬ್ಬಳಾದ ಕ್ಯಾಥರಿನ್ ಎಡ್ಡೋಸ್ ಸತ್ತದ್ದು ಮೈಟರ್ ಸ್ಕ್ವೇರಿನ ಕತ್ತಲೆ ಮೂಲೆಯಲ್ಲಿ, ರಾತ್ರಿ ಒಂದೂವರೆ ದಾಟಿದ ಮೇಲೆ. ಬಿಸಿಲಿನ ಮಾತೇ ಇಲ್ಲ. ಬದುಕಿರುವ ಕಣ್ಣು ಸೆಕೆಂಡಿಗೆ ಮೂರು ಸಲ ಅತ್ತಿತ್ತ ಜಿಗಿಯುತ್ತದೆ, ಪ್ರಾಣಭಯದಲ್ಲಂತೂ ಕೇಳಲೇಬೇಡಿ. ಕೊನೆಗೆ ಬೀಟ್ ಪೊಲೀಸ್ ಬಂದು ಲಾಂದ್ರದ ಬೆಳಕು ಬಿಟ್ಟ. ಬಟ್ಟೆ, ಬಿಸಿಲು, ಜರಡಿ ಮೂರೂ ಕೆಟ್ಟವು. ಕ್ಯೂನೆ 1880ರಲ್ಲಿ ಮರಣದಂಡನೆಯಾದ ಒಬ್ಬ ಕೈದಿಯ ಕಣ್ಣನ್ನೂ ಪರೀಕ್ಷಿಸಿದ್ದ. ಮೂಡಿದ್ದು ಏನೆಂದು ಹೇಳಲಾಗದ ಒಂದು ಗೀಚು. ಇನ್ನು ಹಾವು? ಚಿತ್ರ ಉಳಿದರೂ, ಅದನ್ನು ನೋಡಲು ಜೋಡಿ ಹಾವು ಪಟಿಕದ ನೀರು ತರಬೇಕು.

ಆಗಿನ ಪೊಲೀಸರನ್ನು ದಡ್ಡರೆಂದು ಬೈಯುವುದು ಸುಲಭ. ಆದರೆ ಅವರ ಕೈಯಲ್ಲಿ ಏನಿತ್ತು? ಸುತ್ತಲೂ ಕಸಾಯಿಖಾನೆಗಳು, ರಕ್ತದ ಏಪ್ರನ್ ಕಟ್ಟಿಕೊಂಡು ನಡೆಯುವವರು. ಒಂದು ಕಲೆ ಮನುಷ್ಯನ ರಕ್ತವೋ ಎತ್ತಿನ ರಕ್ತವೋ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಬಂದದ್ದೇ 1901ರಲ್ಲಿ. ಬೆರಳಚ್ಚು ಲಂಡನ್ ಪೊಲೀಸರ ಸ್ಕಾಟ್‌ಲೆಂಡ್ ಯಾರ್ಡ್‌ಗೆ ಹೋದದ್ದೂ ಅದೇ ವರ್ಷ, ಅದೂ ನಮ್ಮ ಕಲ್ಕತ್ತೆಯಿಂದ. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಕೂತು ಲೆಕ್ಕ ಹಾಕಿ ವಿಂಗಡಿಸಿದ ಪದ್ಧತಿ. ಹೆಸರು ಮಾತ್ರ ಸಾಹೇಬ ಎಡ್ವರ್ಡ್ ಹೆನ್ರಿಯದು.

ಈಗ ನಮ್ಮ ಕಾಲದ 'ಸತ್ತವರ ಕಣ್ಣು' ನೋಡಿ. ಎಡ್ಡೋಸ್ ಶವದ ಪಕ್ಕ ಇತ್ತು ಎನ್ನಲಾದ ಒಂದು ರೇಷ್ಮೆ ಶಾಲನ್ನು 2007ರಲ್ಲಿ ಒಬ್ಬ ಉದ್ಯಮಿ ಹರಾಜಿನಲ್ಲಿ ಕೊಂಡರು. 2014ರಲ್ಲಿ ಸುದ್ದಿಯೋ ಸುದ್ದಿ: ಶಾಲಿನ ಡಿಎನ್‌ಎ ಕೊಲೆಗಾರನನ್ನು ಹಿಡಿದುಕೊಟ್ಟಿದೆ, ಅವನು ಆರನ್ ಕಾಸ್ಮಿನ್ಸ್ಕಿ ಎಂಬ ಪೋಲೆಂಡಿನ ಕ್ಷೌರಿಕ!

ಅದು ಮೈಟೋಕಾಂಡ್ರಿಯದ, ಅಂದರೆ ಜೀವಕೋಶದೊಳಗಿನ ಶಕ್ತಿಕೇಂದ್ರದ ಡಿಎನ್‌ಎ. ತಾಯಿಯಿಂದ ಮಾತ್ರ ಬರುವಂಥದ್ದು. ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿಗಳಿರುವುದರಿಂದ ಹಳೆಯ ಬಟ್ಟೆಯಲ್ಲೂ ಸಿಗುತ್ತದೆ. ಆದರೆ ಅದು ಆಳನ್ನು ತೋರಿಸುವುದಿಲ್ಲ. ತುಳುನಾಡಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ 'ಬಳಿ', ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತದೆ. 'ಕದ್ದವನು ನಮ್ಮ ಬಳಿಯವನು' ಎಂದರೆ ಕಳ್ಳ ಸಿಕ್ಕಿಬಿದ್ದನೇ?

ಶಾಲಿನಲ್ಲಿ ಸಿಕ್ಕ ಡಿಎನ್‌ಎಯಲ್ಲಿ 2,90,000 ಜನರಲ್ಲಿ ಒಬ್ಬರಿಗೆ ಮಾತ್ರ ಇರುವ ಬದಲಾವಣೆಯೊಂದಿದೆ, ಎಡ್ಡೋಸ್ ವಂಶದವರಲ್ಲೂ ಅದೇ ಇದೆ, ಹಾಗಾಗಿ ಶಾಲಿಗೆ ಅಂಟಿದ್ದು ಅವಳದೇ ಎಂಬ ವಾದ ಇತ್ತು. ಅದರ ಹೆಸರು 314.1ಸಿ. ಮಜಾ ಇರುವುದು ಇಲ್ಲಿ. ಡಿಎನ್‌ಎಯ ಆ ಜಾಗದಲ್ಲಿ ಸಿ ಎಂಬ ಒಂದೇ ಅಕ್ಷರ ಸಾಲಾಗಿ ಐದು ಸಲ ಬರುತ್ತದೆ. ಅದನ್ನು ಐದು ಹುಣಸೆಬೀಜದ ಸಾಲು ಅಂದುಕೊಳ್ಳಿ. ಯಾರೋ ನಡುವೆ ಆರನೆಯದೊಂದು ತೂರಿಸಿದರು. ಹೊಸದು ಯಾವುದು? ಗೊತ್ತಾಗುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ: ಹೆಚ್ಚಿನ ಬೀಜ ಸಾಲಿನ ಕೊನೆಯಲ್ಲಿ ಬಂತು ಎಂದೇ ಬರೆಯುವುದು. ಆ ಲೆಕ್ಕದಲ್ಲಿ ಇದು 315.1ಸಿ ಆಗಬೇಕು. ತಪ್ಪು ನಂಬರಿನಲ್ಲಿ ಹುಡುಕಿದ್ದಕ್ಕೆ ಪಟ್ಟಿಯಲ್ಲಿ ಯಾರೂ ಸಿಗಲಿಲ್ಲ, 'ಬಹಳ ಅಪರೂಪ' ಅಂದುಕೊಂಡರು. ಸರಿಯಾದ ನಂಬರಿನಲ್ಲಿ ನೋಡಿದರೆ ಯುರೋಪ್ ಮೂಲದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಜಾಸ್ತಿ ಜನರಲ್ಲಿ ಅದಿದೆ! ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದ ಅಲೆಕ್ ಜೆಫ್ರೀಸ್ ಅವರೇ ಈ ತಪ್ಪು ನಿಜವೆಂದರು. 2019ರಲ್ಲಿ ಪ್ರಬಂಧವೇನೋ ಬಂತು. ಅದರಲ್ಲಿ ಡಿಎನ್‌ಎ ಅಕ್ಷರಗಳ ಬದಲು ಬಣ್ಣದ ಚೌಕಗಳಿದ್ದವು, ವಂಶಸ್ಥರ ಗೋಪ್ಯತೆಯ ನೆಪದಲ್ಲಿ. ಬೇರೆಯವರು ಪರೀಕ್ಷಿಸುವುದು ಹೇಗೆ?

ಇಷ್ಟೆಲ್ಲ ಬಿಟ್ಟರೂ, ಆ ಶಾಲು ಅಲ್ಲಿತ್ತೇ? ಅದನ್ನು ಮನೆಗೊಯ್ದ ಎನ್ನಲಾದ ಪೊಲೀಸ್ ಮೆಟ್ರೊಪಾಲಿಟನ್ ಪಡೆಯವನು. ಮೈಟರ್ ಸ್ಕ್ವೇರ್ ಸಿಟಿ ಪೊಲೀಸರದು, ಇಬ್ಬರ ಸರಹದ್ದೇ ಬೇರೆ. ಎಡ್ಡೋಸ್ ಮೈಮೇಲಿದ್ದ ವಸ್ತುಗಳನ್ನು ಅವತ್ತೇ ಒಂದೊಂದಾಗಿ ಪಟ್ಟಿ ಮಾಡಿದ್ದರು. ಚಹಾಪುಡಿಯ ಡಬ್ಬಿ, ಸಕ್ಕರೆಯ ಡಬ್ಬಿ, ಸೋಪಿನ ಚೂರುಗಳು, ಹನ್ನೆರಡು ತುಂಡು ಬಿಳಿ ಬಟ್ಟೆ, ಬಾಚಣಿಗೆ. ಸೋಪಿನ ಚೂರನ್ನೂ ಬಿಡದೆ ಬರೆದ ಆ ಪಟ್ಟಿಯಲ್ಲಿ ರೇಷ್ಮೆ ಶಾಲು ಇಲ್ಲ.

ಶವದ ಹತ್ತಿರ ಸಾಸಿವೆಯ ಒಂದು ಡಬ್ಬಿಯಲ್ಲಿ ಎರಡು ಗಿರವಿ ಚೀಟಿ ಸಿಕ್ಕಿದ್ದವು. ಒಂದು, ಕೊಲೆಗೆ ಒಂದೆರಡು ದಿನ ಮುಂಚೆ ಎರಡೂವರೆ ಶಿಲಿಂಗಿಗೆ ಅಡವಿಟ್ಟ ಗಂಡಸರ ಬೂಟಿನದು. ಪೇಪರಿನಲ್ಲಿ ಚೀಟಿಗಳ ಸುದ್ದಿ ಓದಿ ಜಾನ್ ಕೆಲ್ಲಿ ಎಂಬಾತ ಪೊಲೀಸ್ ಸ್ಟೇಷನ್ನಿಗೆ ಬಂದ. ಬೂಟು ಅವನದು. ಅವಳ ಜೊತೆ ಏಳು ವರ್ಷ ಬಾಳಿದವನು. ಹೆಸರಿಲ್ಲದೆ ಮಲಗಿದ್ದ ಆ ಹೆಂಗಸು ಯಾರೆಂದು ಗೊತ್ತಾದದ್ದು ಆಗ.