ಲವಣಸಹಿಷ್ಣು ಎಂದರೆ ಲವಣಪ್ರಿಯ ಅಲ್ಲ

ಮರುಭೂಮಿಯ ಉಪ್ಪುನೀರಿನಲ್ಲಿ ಬದುಕುವ ಕೀಟಗಳನ್ನು 'ಲವಣಪ್ರಿಯ' ಎಂದು ಬರೆಯುವುದು ಇನ್ನಾದರೂ ನಿಲ್ಲಬೇಕು. ಅವಕ್ಕೆ ಹೊಂದುವ ಪದ ಲವಣಸಹಿಷ್ಣು. 'ಸಹ್' ಧಾತುವಿನಿಂದ ಬಂದ ಸಹಿಷ್ಣುವಿನಲ್ಲಿ ತಾಳಿಕೊಳ್ಳುವ ಅರ್ಥವಿದೆಯೇ ಹೊರತು ಇಷ್ಟಪಡುವ ಅರ್ಥವಿಲ್ಲ. ಲವಣಪ್ರಿಯ ಎನ್ನಲೇಬೇಕಾದ ಜೀವಿ ಹ್ಯಾಲೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು: ಉಪ್ಪು ತೀರ ಕಡಿಮೆಯಾದರೆ ಅದರ ಕೋಶವೇ ಒಡೆದುಹೋಗುತ್ತದೆ. ಯಾವ ಕೀಟದ ಪಾಡೂ ಹಾಗಿಲ್ಲ.

ಗ್ರೇಟ್ ಬೇಸಿನ್ ಮರುಭೂಮಿಯ ಅಂಚಿನಲ್ಲಿರುವ ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಆಲ್ಕಲಿ ನೊಣವನ್ನೇ ನೋಡಿ. ಅಲ್ಲಿನ ನೀರಿನಲ್ಲಿ ಸಮುದ್ರದ ಎರಡು ಪಟ್ಟಿಗೂ ಮೀರಿ ಉಪ್ಪು. ಪಿಎಚ್ ಸುಮಾರು 10, ಅಂದರೆ ನೀರು ತುಂಬ ಕ್ಷಾರೀಯ. (ಲವಣತೆ, ಕ್ಷಾರತೆ ಬೇರೆ ಬೇರೆ ಅಳತೆಗಳು; ಇವನ್ನೂ ಕಲಸಿಬಿಡುವವರಿದ್ದಾರೆ.) ನೊಣದ ಲಾರ್ವಾ (ಮರಿಹುಳು) ತನ್ನೊಳಗೆ ಸೇರಿದ ಕಾರ್ಬೊನೇಟನ್ನು ವಿಶೇಷ ಗ್ರಂಥಿಯಲ್ಲಿ ಸುಣ್ಣದ ರೂಪದಲ್ಲಿ ಕಟ್ಟಿಹಾಕುತ್ತದೆ, ಹೆಚ್ಚಿನ ಉಪ್ಪನ್ನು ಬಿಡುವಿಲ್ಲದೆ ಹೊರದೂಡುತ್ತದೆ. ಇದಕ್ಕೆ ಬೇಕಾದ ಶಕ್ತಿ ಬೆಳವಣಿಗೆಯ ಪಾಲಿನಿಂದಲೇ ಹೋಗಬೇಕು. ಹಾಗಾಗಿ ಉಪ್ಪು ಏರಿದಂತೆ ಲಾರ್ವಾ ನಿಧಾನವಾಗಿ ಬೆಳೆಯುತ್ತದೆ, ಗಾತ್ರವೂ ಕುಗ್ಗುತ್ತದೆ. 1941ರಿಂದ ಲಾಸ್ ಏಂಜಲೀಸ್ ನಗರ ಮೋನೊಗೆ ಹರಿಯುವ ತೊರೆಗಳನ್ನು ತನ್ನತ್ತ ತಿರುಗಿಸಿಕೊಂಡಿತು. ಕೆಲವು ದಶಕಗಳಲ್ಲಿ ಸರೋವರದ ಲವಣತೆ ಹೆಚ್ಚುಕಡಿಮೆ ಇಮ್ಮಡಿಯಾದಾಗ ಇದೇ ನೊಣದ ಬಗ್ಗೆ, ಅದನ್ನು ತಿಂದು ಬದುಕುವ ಹಕ್ಕಿಗಳ ಬಗ್ಗೆ ಆತಂಕ ಎದ್ದಿತು. ಉಪ್ಪು ಅದಕ್ಕೆ ಪ್ರಿಯವಾಗಿದ್ದರೆ ಆತಂಕಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮತ್ತೆ ಅದು ಅಲ್ಲೇ ಏಕಿದೆ? ಮೀನಿಲ್ಲ, ಪೈಪೋಟಿ ಕಡಿಮೆ, ಪಾಚಿ ಧಾರಾಳ.

ಸಹಿಷ್ಣುತೆಯನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವುದೂ ತಪ್ಪು. ಲೀಟರಿಗೆ ಇಷ್ಟು ಗ್ರಾಂ ಉಪ್ಪು ತಾಳುತ್ತದೆ ಎನ್ನುವವರು ನೀರು ಎಷ್ಟು ಬಿಸಿಯಿತ್ತು ಎಂಬುದನ್ನೂ ಹೇಳಬೇಕು. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5. ಅದೇ ಬಿಸಿಯಲ್ಲಿ ನೀರು ಸಮುದ್ರದಷ್ಟು ಉಪ್ಪಾಗಿದ್ದರೆ 6ರ ಆಸುಪಾಸು. ಬಿಸಿ ಏರಿದಾಗ ಕೀಟಕ್ಕೆ ಆಮ್ಲಜನಕ ಹೆಚ್ಚು ಬೇಕು, ಸಿಗುವುದು ಮಾತ್ರ ಕಡಿಮೆ. ಕಿವಿರಿನಿಂದ ಉಸಿರಾಡುವ ಮೇಫ್ಲೈ ಎಂಬ ಕೀಟದ ಮರಿಗೆ ಇದು ದೊಡ್ಡ ಪೆಟ್ಟು. ಮೇಲೆ ಬಂದು ಗಾಳಿ ಹಿಡಿದುಕೊಂಡು ಹೋಗುವ ನೀರುಜೀರುಂಡೆಗೆ ಅಷ್ಟಿಲ್ಲ. ಬೇಸಿಗೆಯಲ್ಲಿ ನೀರು ಆವಿಯಾದಷ್ಟೂ ಉಳಿದ ನೀರಿನ ಉಪ್ಪು ಹೆಚ್ಚುವುದರಿಂದ ಮರುಭೂಮಿಯ ಹೊಂಡಗಳಲ್ಲಿ ಎರಡೂ ಕಷ್ಟಗಳು ಕೂಡಿಯೇ ಬರುತ್ತವೆ. ಪ್ರಯೋಗಾಲಯದ ತಂಪು ನೀರಿನಲ್ಲಿ ಒಂದು ಕೀಟ ತಾಳಿದ ಉಪ್ಪನ್ನು ಬೇಸಿಗೆಯ ಹೊಂಡದಲ್ಲೂ ತಾಳುತ್ತದೆ ಎಂದು ಬರೆಯಲು ಆಧಾರವಿಲ್ಲ.