ಗೋವಾದಲ್ಲಿ ಮರಾಠಿ: ನಾನು ಎಡವಿದ ಜಾಗ

ಗೋವಾದ ಭಾಷೆಗಳ ಪಾಠದಲ್ಲಿ ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ಮರೆಯೋ ಮೊದಲು ಬರೆದಿಡುತ್ತಿದ್ದೇನೆ.

2011ರ ಜನಗಣತಿ ಪ್ರಕಾರ ಅಲ್ಲಿ ಕೊಂಕಣಿ ಮಾತೃಭಾಷೆಯವರು ಸುಮಾರು 66%, ಮರಾಠಿಯವರು ಸುಮಾರು 11%. (ಕನ್ನಡದವರೂ 5%ರ ಹತ್ತಿರ ಇದ್ದಾರೆ!) ಹಾಗಾದರೆ ಅಷ್ಟೊಂದು ಮರಾಠಿ ಪತ್ರಿಕೆ ಓದೋರು ಯಾರು? ಮರಾಠಿ ಪ್ರಾಥಮಿಕ ಶಾಲೆಗೆ ಹೋಗೋ ಮಕ್ಕಳು ಯಾರವು? ಮಹಾರಾಷ್ಟ್ರದಿಂದ ಬಂದವರು ಇರಬೇಕು ಅಂತ ಸುಮ್ನೆ ಅಂದುಕೊಂಡಿದ್ದೆ. ಪೂರ್ತಿ ತಪ್ಪು.

ಜನಗಣತಿಯ ಮಾತೃಭಾಷೆ ಕಾಲಂನಲ್ಲಿ ಒಂದೇ ಹೆಸರಿಗೆ ಜಾಗ. ಮನೆಯಲ್ಲಿ ಕೊಂಕಣಿ ಆಡಿ, ಓದೋದು, ಬರೆಯೋದು, ಭಜನೆ ಮಾಡೋದು ಮರಾಠಿಯಲ್ಲಿ ಅನ್ನುವ ಹಿಂದೂ ಕುಟುಂಬಗಳು ಅಲ್ಲಿ ತುಂಬಾ ಇವೆ. ಅವರು ಆ 66ರೊಳಗೇ ಕೂತಿದ್ದಾರೆ, 11ರಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತಾರೆ? ನಮ್ಮ ಮಂಗಳೂರಿನ ಕೊಂಕಣಿಗರನ್ನು ನೆನೆಸಿಕೊಂಡ ಮೇಲೇ ಇದು ತಲೆಗೆ ಹೋಗಿದ್ದು. ಅಡುಗೆಮನೆಯಲ್ಲಿ ಕೊಂಕಣಿ, ಕೈಯಲ್ಲಿ ಕನ್ನಡ ಪೇಪರ್. ಅವರನ್ನು ಕಂಡು ನಮಗೆ ಆಶ್ಚರ್ಯ ಆಗೋದಿಲ್ಲ, ಅಲ್ವಾ? ಗೋವಾದಲ್ಲಿ ಆ ಕನ್ನಡದ ಜಾಗದಲ್ಲಿ ಮರಾಠಿ ಇದೆ, ಅಷ್ಟೇ.

ಚೌತಿ ದಿನ ನೋಡಿ. ಗಣಪತಿ ಮುಂದೆ ಹಾಡೋ ಆರತಿ ಮರಾಠಿ. ಆರತಿ ಮುಗಿದು ಊಟಕ್ಕೆ ಕರೆಯೋದು ಕೊಂಕಣಿಯಲ್ಲಿ, ‘ಜೆವಪಾಕ್ ಯೋ’. ಮರಾಠಿ ಆಗಿದ್ದರೆ ‘ಜೇವಾಯಲಾ ಯೇ’. ಎರಡು ಭಾಷೆಗಳನ್ನು ಬೇರೆ ಮಾಡಿ ಗುರುತಿಸೋಕೆ ನನ್ನ ಸುಲಭ ದಾರಿ ಇದೇ: ಕ್ರಿಯಾಪದದ ಬಾಲ ನೋಡೋದು. ‘-ಪಾಕ್’ ಕೇಳಿಸಿತೋ, ಗೋವಾದ ಕೊಂಕಣಿ. ‘-ಆಯಲಾ’ ಅಂದರೆ ಮರಾಠಿ. ಪದಗಳನ್ನು ನಂಬಬೇಡಿ, ಎಷ್ಟೋ ಪದಗಳು ಎರಡರಲ್ಲೂ ಒಂದೇ ಥರ ಇರುತ್ತವೆ.

ಇತಿಹಾಸ ಚುಟುಕಾಗಿ: ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಾ ಬೇಡವಾ ಅಂತ ಅಲ್ಲಿನ ಜನ 1967ರ ಜನವರಿ 16ರಂದು ಮತ ಹಾಕಿದರು. ಬೇಡ ಅನ್ನೋದಕ್ಕೆ 34,021 ಮತ ಜಾಸ್ತಿ ಬಿತ್ತು.

ಇನ್ನು ಗೋವಾದ ಅಧಿಕೃತ ಭಾಷೆ ಯಾವುದು ಅಂತ ಹೇಳುವ 1987ರ ಕಾನೂನು. ‘ಕೊಂಕಣಿ, ಮರಾಠಿ ಎರಡೂ ಅಧಿಕೃತ ಭಾಷೆ’ ಅಂತ ನಾನು ಬರೆದು ಅಂಕ ಕಳೆದುಕೊಂಡೆ. ಅಧಿಕೃತ ಭಾಷೆ ಅನ್ನೋ ಪಟ್ಟ ಕೊಂಕಣಿಗೆ ಮಾತ್ರ. ಮರಾಠಿಗೆ ಪಟ್ಟ ಇಲ್ಲ, ಆದರೆ ಎಲ್ಲಾ ಅಥವಾ ಯಾವುದೇ ಸರ್ಕಾರಿ ಕೆಲಸಕ್ಕೆ ಅದನ್ನೂ ಬಳಸಬೇಕು ಅಂತಿದೆ. ಕೆಲಸ ಉಂಟು, ಹುದ್ದೆಯ ಹೆಸರಿಲ್ಲ!

ಅದೇ ಕಾನೂನಿನಲ್ಲಿ ಕೊಂಕಣಿ ಅಂದರೆ ದೇವನಾಗರಿಯಲ್ಲಿ ಬರೆದ ಕೊಂಕಣಿ. ಗೋವಾದ ಕ್ರೈಸ್ತರು ತಲೆಮಾರುಗಳಿಂದ ಬರೆಯುತ್ತಾ ಬಂದಿರೋದು ರೋಮನ್ ಲಿಪಿಯಲ್ಲಿ. ಮರಾಠಿಗೆ ಕೊಟ್ಟ ಜಾಗ ನಮ್ಮ ಲಿಪಿಗೆ ಯಾಕಿಲ್ಲ ಅಂತ ಅವರು ಈಗಲೂ ಕೇಳುತ್ತಿದ್ದಾರೆ.